ಬಡ್ಡಿಕತ್ತಿ: ಒಂದು ಶಾಪದ ಆಯುಧ ಕಟ್ಟಿದ ಬಗೆ

ಕಟ್ಟಬೇಕಾಗಿದ್ದದ್ದು ಒಂದು ಕತ್ತಿ, ಕಬ್ಬಿಣದಲ್ಲಲ್ಲ, ನಿಯಮಗಳಲ್ಲಿ: ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತಾ, ಒಬ್ಬೊಬ್ಬರು ಒಂದೊಂದು ಪಾತ್ರ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ. ನಮ್ಮ ಮನೆಯಲ್ಲಿ ಭಾನುವಾರ ನಡೆಯುವ ಆಟಕ್ಕೆ ನಾನೇ ಡಿಎಂ. ಅಂದರೆ ಕಥೆ ನಡೆಸುವವನು, ರಾಕ್ಷಸರನ್ನು ಆಡಿಸುವವನು, ಎಲ್ಲರ ಹತ್ತಿರ ಬೈಸಿಕೊಳ್ಳುವವನು. ಪಾತ್ರಗಳೆಲ್ಲ ಈಗ 5ನೇ ಲೆವೆಲ್. ಫೈಟರ್, ಅಂದರೆ ಯೋಧನ ಪಾತ್ರ, ಆಡುವ ಗೆಳೆಯ ಒಂದು ದಿನ, "ನಂಗೊಂದು ಶಾಪ ಇರೋ ಕತ್ತಿ ಕೊಡೋ. ಆದ್ರೆ ಸುಮ್ನೆ ಕಾಟ ಕೊಡೋದು ಬೇಡ" ಅಂದ. ಕೆಲಸದ ವಿವರ ಅಷ್ಟೇ. ಆದರೆ ಆ ಎರಡನೇ ಮಾತನ್ನು ಉಳಿಸಿಕೊಳ್ಳುವುದೇ ಕಷ್ಟ.

ಮೊದಲು ಆಟದಲ್ಲೇ ಏನೇನಿದೆ ಅಂತ ನೋಡಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟ ಹೊರತಂದದ್ದು 1974ರಲ್ಲಿ. ಹಳೆಯ ಆವೃತ್ತಿಗಳ ಶಾಪದ ಆಯುಧಗಳು ಹೆಚ್ಚಾಗಿ ಬಲೆಗಳೇ. ಕತ್ತಿ ಕೈಗೆ ಅಂಟಿಕೊಳ್ಳುತ್ತದೆ, ಬಿಡಿಸಲು ಬರುವುದಿಲ್ಲ, ನೋಡಿದರೆ ಅದು ಮೈನಸ್ ಎರಡರ ಕತ್ತಿ, ಅಂದರೆ ಹೊಡೆಯಲು ಉರುಳಿಸಿದ ದಾಳದಿಂದ ಎರಡು ಕಳೆಯುವಂಥದ್ದು. ಒಂದು ಭರ್ಜಿಯಂತೂ ಹಿಡಿದವನ ಬೆನ್ನಿಗೇ ತಿರುಗಿ ಚುಚ್ಚುತ್ತಿತ್ತು. ಡಿಎಂಗೆ ಒಂದು ಸಲ ನಗು ಬರುತ್ತದೆ. ಆಮೇಲೆ ಆಟಗಾರರು ಸಿಕ್ಕಿದ ಯಾವ ಕತ್ತಿಯನ್ನೂ ಮುಟ್ಟುವುದಿಲ್ಲ, ಕೋಲಿನಲ್ಲಿ ತಳ್ಳಿ ನೋಡುತ್ತಾರೆ.

2014ರ ಐದನೇ ಆವೃತ್ತಿಯ ಬರ್ಸರ್ಕರ್ ಕೊಡಲಿ ಇದಕ್ಕಿಂತ ಎಷ್ಟೋ ವಾಸಿ. ಗುರಿ ತಾಗಿಸಲು ಉರುಳಿಸುವ ದಾಳಕ್ಕೂ, ತಾಗಿದ ಪೆಟ್ಟಿನ ಅಳತೆಯಾದ ಡ್ಯಾಮೇಜಿಗೂ ಪ್ಲಸ್ ಒಂದು. ಲೆವೆಲ್ ಒಂದಕ್ಕೆ ಒಂದರಂತೆ ಹಿಟ್ ಪಾಯಿಂಟ್, ಅಂದರೆ ಪಾತ್ರದ ಜೀವಬಲ, ಜಾಸ್ತಿ. ಶಾಪ ಏನೆಂದರೆ, ಶತ್ರು ನಿಮಗೆ ಪೆಟ್ಟು ಕೊಟ್ಟಾಗಲೆಲ್ಲ 15ರ ವಿಸ್ಡಮ್ ಸೇವ್ ಹಾಕಬೇಕು, ಅಂದರೆ ಇಪ್ಪತ್ತು ಮುಖದ ದಾಳ ಉರುಳಿಸಿ, ಮನೋಬಲದ ಅಂಕ ಸೇರಿಸಿ, 15 ಮುಟ್ಟಬೇಕು. ಸೋತರೆ ತಲೆ ಕೆಟ್ಟು, ಹತ್ತಿರ ಯಾರಿದ್ದಾರೋ ಅವರಿಗೆ ಹೊಡೆಯಬೇಕು. ಓದುವಾಗ ಚೆನ್ನಾಗಿದೆ. ಮೇಜಿನ ಮೇಲೆ ನಡೆಯುವುದು ಹೀಗೆ:

"ಈಗ ನಾನೇನು ಮಾಡ್ಲಿ?"

"ಹತ್ತಿರ ಯಾರಿದ್ದಾರೋ ಅವರಿಗೆ ಹೊಡಿ."

"ಹತ್ತಿರ ಕ್ಲೆರಿಕ್ ಇದ್ದಾಳೆ."

"ಹೊಡಿ ಮತ್ತೆ."

ಕ್ಲೆರಿಕ್ ಅಂದರೆ ಗಾಯ ವಾಸಿಮಾಡುವ ಪೂಜಾರಿಣಿ, ಗುಂಪಿನವಳೇ. ಸೇವ್ ಸೋತ ಮೇಲೆ ಆಡುವವನಿಗೆ ಮಾಡಲು ಏನೂ ಉಳಿಯುವುದಿಲ್ಲ. ಅವನ ಪಾತ್ರವನ್ನು ಕೊಡಲಿ ಆಡಿಸುತ್ತದೆ, ಅವನು ದಾಳ ಉರುಳಿಸುವ ಯಂತ್ರ. ಜೊತೆಗೆ ಅದೇ ನಿಯಮಪುಸ್ತಕ, ವಸ್ತುವಿನ ಗುಣ ತಿಳಿಸುವ ಐಡೆಂಟಿಫೈ ಮಂತ್ರ ಹಾಕಿದರೂ ಸಾಮಾನ್ಯವಾಗಿ ಶಾಪ ಗೊತ್ತಾಗುವುದಿಲ್ಲ ಅನ್ನುತ್ತದೆ. ಮಂತ್ರಕ್ಕೆ ಖರ್ಚು ಮಾಡಿದವರಿಗೆ ಸುಳ್ಳು ಹೇಳುವುದು ನನಗೆ ಸರಿ ಕಾಣುವುದಿಲ್ಲ. ನನ್ನ ಮೇಜಿನಲ್ಲಿ ಆ ನಿಯಮ ಇಲ್ಲ.

ಹಾಗಾದರೆ ಒಳ್ಳೆಯ ಶಾಪ ಹೇಗಿರುತ್ತದೆ? ದೂರ ಹೋಗಬೇಕಿಲ್ಲ, ಕರ್ಣನ ಕೈಯಲ್ಲೇ ಎರಡು ಮಾದರಿ ಇವೆ. ಒಂದು ಪರಶುರಾಮರ ಶಾಪ: ಬೇಕಾದ ಹೊತ್ತಿಗೇ ಅಸ್ತ್ರದ ಮಂತ್ರ ಮರೆತುಹೋಗುತ್ತದೆ. ಕಥೆಯಲ್ಲಿ ಇದು ಎದೆ ಹಿಂಡುತ್ತದೆ. ಆಟದ ನಿಯಮವಾಗಿ ತಂದರೆ ಸತ್ತುಹೋಗುತ್ತದೆ. "ಬೇಕಾದ ಹೊತ್ತು" ಯಾವುದು ಅಂತ ತೀರ್ಮಾನಿಸುವುದು ಡಿಎಂ, ಆಡುವವನು ಕಾಯುತ್ತಾ ಕೂರಬೇಕು ಅಷ್ಟೇ. ಇನ್ನೊಂದು ಇಂದ್ರ ಕೊಟ್ಟ ಶಕ್ತ್ಯಾಯುಧ. ಕವಚ ಕುಂಡಲ ಕೊಟ್ಟು ಪಡೆದದ್ದು. ಒಬ್ಬರ ಮೇಲೆ, ಒಂದೇ ಸಲ. ಬೆಲೆ ಮೊದಲೇ ಗೊತ್ತು, ಮಿತಿಯೂ ಗೊತ್ತು. ಅರ್ಜುನನಿಗೆ ಅಂತ ಎತ್ತಿಟ್ಟಿದ್ದ. ರಾತ್ರಿ ಯುದ್ಧದಲ್ಲಿ ಘಟೋತ್ಕಚ ಸೇನೆಯನ್ನು ಅರೆಯುತ್ತಿದ್ದಾಗ ಎಲ್ಲರೂ ಕೂಗುತ್ತಾರೆ, ಬಿಡು, ಈಗಲೇ ಬಿಡು ಅಂತ. ಬಿಡುತ್ತಾನೆ. ಬಿಡಬೇಕೋ ಬೇಡವೋ ಅನ್ನುವುದು ಕೊನೆಯವರೆಗೂ ಅವನ ಕೈಯಲ್ಲೇ ಇತ್ತು. ನೋವಾಗುವುದೂ ಅದರಿಂದಲೇ.

ನನಗೆ ಬೇಕಿದ್ದದ್ದು ಈ ಎರಡನೇ ಜಾತಿಯದು. ಪ್ರತಿ ಸುತ್ತಿನಲ್ಲೂ ಆಡುವವನೇ ಶಾಪಕ್ಕೆ ಹೂಂ ಅನ್ನಬೇಕು. ಸಾಲ ಕೊಡುವ ಕತ್ತಿ ಅನ್ನುವ ಯೋಚನೆ ಬಂದದ್ದು ಅಲ್ಲಿಂದ. ಸಾಲ ಅಂದರೆ ಏನು ಅಂತ ನಮ್ಮಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ, ಅಲ್ವಾ?

ನಿಯಮ ಬರೆಯುವ ಮುಂಚೆ ಅಳತೆ ಬೇಕು. ನಮ್ಮ ಫೈಟರಿನ ಸ್ಟ್ರೆಂಗ್ತ್ 18, ಕೈಯಲ್ಲಿ ಗ್ರೇಟ್‌ಸೋರ್ಡ್, ಒಂದೊಂದು ಸುತ್ತಿನಲ್ಲಿ ಎರಡು ಹೊಡೆತ, ಗುರಿಗೆ ಪ್ಲಸ್ ಏಳು. ಪೆಟ್ಟಿನ 2ಡಿ6ರ, ಅಂದರೆ ಆರು ಮುಖದ ಎರಡು ದಾಳಗಳ, ಸರಾಸರಿ 7, ಸ್ಟ್ರೆಂಗ್ತ್ 18 ಕೊಡುವ 4 ಸೇರಿದರೆ 11. ಎದುರಾಳಿಯ ಎಸಿ, ಅಂದರೆ ಹೊಡೆತ ತಾಗಲು ಮುಟ್ಟಬೇಕಾದ ಅಂಕ, 15 ಅಂತಿಟ್ಟುಕೊಂಡರೆ ನೂರಕ್ಕೆ 65 ಹೊಡೆತ ತಾಗುತ್ತವೆ. ಕ್ರಿಟ್ (ದಾಳದಲ್ಲಿ 20 ಬಿದ್ದಾಗ ಪೆಟ್ಟಿನ ದಾಳ ಎರಡರಷ್ಟು) ಸೇರಿಸಿ ಒಂದು ಸುತ್ತಿನಲ್ಲಿ ಸರಾಸರಿ 15 ಡ್ಯಾಮೇಜ್. ಪ್ಲಸ್ ಒಂದರ ಕತ್ತಿ ಕೊಟ್ಟರೆ 17.5. ಪ್ಲಸ್ ಎರಡಕ್ಕೆ 20.2. ಪ್ಲಸ್ ಮೂರಕ್ಕೆ 23.1. ಈ ಲೆವೆಲ್ಲಿಗೆ ಪ್ಲಸ್ ಮೂರು ಯಾರೂ ಕೊಡುವುದಿಲ್ಲ, ಅತಿಯಾಯಿತು. ಹಾಗಾಗಿ ನನ್ನ ಗುರಿ ಹೀಗೆ ನಿಂತಿತು: ಸಾಲ ಮಾಡದಿದ್ದರೆ ಪ್ಲಸ್ ಒಂದರ ಕತ್ತಿ, ಸಾಲ ಮಾಡಿದರೆ ಪ್ಲಸ್ ಮೂರರ ಕತ್ತಿ. ನಡುವಿನ ಆ ಆರು ಪಾಯಿಂಟೇ ಆಸೆ.

ಮೊದಲ ಕರಡು ಸರಳವಾಗಿತ್ತು. ಹೊಡೆತ ತಾಗಿದಾಗಲೆಲ್ಲ ಬೇಕಾದರೆ 2ಡಿ6 ಜಾಸ್ತಿ ಡ್ಯಾಮೇಜ್ ಸಾಲ ಪಡೆಯಬಹುದು. ಜಗಳ ಮುಗಿದ ಮೇಲೆ ಸಾಲ ಒಂದಕ್ಕೆ 1ಡಿ6ರಂತೆ ತನ್ನ ಹಿಟ್ ಪಾಯಿಂಟಿನಲ್ಲಿ ತೀರಿಸಬೇಕು. ಕಾಗದದ ಮೇಲೇ ಇದು ಬಿದ್ದುಹೋಯಿತು. ಸುತ್ತಿಗೆ ಸುಮಾರು 28 ಡ್ಯಾಮೇಜ್, ಪ್ಲಸ್ ಮೂರನ್ನೂ ದಾಟುತ್ತದೆ. ಬೆಲೆಯೋ, ನಾಲ್ಕು ಸುತ್ತಿನ ಜಗಳಕ್ಕೆ 20 ಹಿಟ್ ಪಾಯಿಂಟ್, ಅದೂ ಎಲ್ಲ ಮುಗಿದ ಮೇಲೆ. ಶಾರ್ಟ್ ರೆಸ್ಟ್ ಅನ್ನುವ ಒಂದು ಚಿಕ್ಕ ವಿಶ್ರಾಂತಿ ಮಾಡಿ, ಚೇತರಿಕೆಯ ದಾಳಗಳಾದ ಹಿಟ್ ಡೈಸ್ ಉರುಳಿಸಿದರೆ ವಾಪಸ್ ಬಂತು. ಜಗಳ ಮುಗಿದ ಮೇಲೆ ಕಟ್ಟುವ ಹಿಟ್ ಪಾಯಿಂಟಿಗೆ ಈ ಆಟದಲ್ಲಿ ಬೆಲೆಯೇ ಇಲ್ಲ.

ಸರಿ, ಆಗಲೇ ತೀರಿಸಲಿ ಅಂತ ಬದಲಿಸಿದೆ. ಹೊಡೆದ ಕ್ಷಣವೇ 1ಡಿ6 ಕಳೆದುಕೊಳ್ಳಬೇಕು. ಇದನ್ನು ಮೇಜಿಗೆ ತಂದಾಗ ಗೆಳೆಯ ಪೆನ್ಸಿಲ್ ಕೂಡ ಹಿಡಿಯಲಿಲ್ಲ. "ಮೂರೂವರೆ ಕೊಟ್ಟು ಏಳು ತಗೊಳ್ಳೋದಾ? ಯಾವಾಗ್ಲೂ ತಗೋತೀನಿ" ಅಂದ. ಹಾಗೇ ಮಾಡಿದ, ಪ್ರತಿ ಹೊಡೆತಕ್ಕೂ. ಯಾವಾಗಲೂ ಒಂದೇ ಉತ್ತರ ಇರುವ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿ ಏನು ಪ್ರಯೋಜನ? ಅದಕ್ಕಿಂತ ಹೆಚ್ಚಾಗಿ ಇದರಲ್ಲಿ ಸಾಲವೇ ಇಲ್ಲ, ನಗದು ವ್ಯಾಪಾರ. ಸಾಲ ಅಂದರೆ ನಾಳೆ ಅನ್ನುವುದು ಇರಬೇಕು. ಕೊಟ್ಟವನು ಯಾವಾಗ ಬಾಗಿಲು ತಟ್ಟುತ್ತಾನೋ ಅನ್ನುವುದು ಇರಬೇಕು.

ಇಲ್ಲಿಂದ ಕೆಲಸ ಸರಿದಾರಿಗೆ ಬಂತು. ಲಾಭ ಡ್ಯಾಮೇಜಿನಲ್ಲಿ ಬರಲಿ, ಬೆಲೆ ಬೇರೆ ಖಾತೆಯಿಂದ ಹೋಗಲಿ ಅಂತ ತೀರ್ಮಾನಿಸಿದೆ. ಯಾವ ಖಾತೆ? ಸೇವ್. ಫೈಟರಿಗೆ ಸ್ಟ್ರೆಂಗ್ತ್, ಕಾನ್‌ಸ್ಟಿಟ್ಯೂಷನ್ ಸೇವ್ ಗಟ್ಟಿ, ವಿಸ್ಡಮ್ ಪೊಳ್ಳು. ನಮ್ಮವನದು ಪ್ಲಸ್ ಸೊನ್ನೆ. ಎದುರಿನ ಮಾಂತ್ರಿಕ 14ರ ಹೋಲ್ಡ್ ಪರ್ಸನ್ ಹಾಕಿದರೆ ಉಳಿಯುವ ಸಾಧ್ಯತೆ ನೂರಕ್ಕೆ 35. ಅದರಿಂದ ಒಂದು ಡಿ6 ಕಳೆದರೆ 17.5, ಸರಿಯಾಗಿ ಅರ್ಧ. ಹೋಲ್ಡ್ ಪರ್ಸನ್ ಬಿದ್ದವನು ಮರಗಟ್ಟಿ ನಿಲ್ಲುತ್ತಾನೆ, ಐದು ಅಡಿಯೊಳಗಿಂದ ತಾಗಿದ ಹೊಡೆತವೆಲ್ಲ ಕ್ರಿಟ್. ಸಾಲಗಾರನಿಗೆ ನಿದ್ದೆ ಬಾರದಿರಲು ಇಷ್ಟು ಸಾಕು.

ನಿಯಮ ಹೀಗಾಯಿತು. ತನ್ನ ಸರದಿಯಲ್ಲಿ ಒಂದು ಸಲ, ಹೊಡೆತ ತಾಗಿದಾಗ, 2ಡಿ6 ಸಾಲ ಪಡೆಯಬಹುದು. ಪಡೆದರೆ ಒಂದು ಡಿ6 ಮೇಜಿನ ನಡುವಿನ ಬಟ್ಟಲಿಗೆ ಬೀಳುತ್ತದೆ. ಅವನು ಮುಂದೆ ಯಾವಾಗ ಸೇವ್ ಹಾಕಿದರೂ ಡಿಎಂ ಬಟ್ಟಲಿನಿಂದ ಒಂದು ದಾಳ ಎತ್ತಿ, ಉರುಳಿಸಿ, ಅಷ್ಟನ್ನು ಕಳೆಯಬಹುದು. ಎತ್ತಿದ ದಾಳದ ಸಾಲ ತೀರಿತು. ಎತ್ತುವುದಾದರೆ ಅವನು ಸೇವ್ ಉರುಳಿಸುವ ಮುಂಚೆಯೇ ಹೇಳಬೇಕು. ಉರುಳಿದ್ದನ್ನು ನೋಡಿ ಆಮೇಲೆ ಎತ್ತುವುದು ಡಿಎಂನ ಹೇಡಿತನ.

ಲೆಕ್ಕವೂ ಕೂಡಿಬಂತು. ಪ್ಲಸ್ ಒಂದರ ಕತ್ತಿಯಲ್ಲಿ ಎರಡು ಹೊಡೆತಗಳ ಪೈಕಿ ಒಂದಾದರೂ ತಾಗುವುದು ನೂರಕ್ಕೆ 91 ಸಲ. ಅದರ ಮೇಲೆ ಸರಾಸರಿ 7 ಅಂದರೆ ಸುಮಾರು 6.4. 17.5ಕ್ಕೆ ಸೇರಿಸಿದರೆ 24ರ ಹತ್ತಿರ. ಪ್ಲಸ್ ಮೂರಿಗಿಂತ ಕೂದಲೆಳೆ ಜಾಸ್ತಿ, ಇರಲಿ, ಶಾಪ ಇದೆಯಲ್ಲ.

ಬಟ್ಟಲಿನ ಬಗ್ಗೆ ಸ್ವಲ್ಪ ಹೇಳಬೇಕು. ಮೊದಲು ಕೆಂಪು ಬಟ್ಟೆ ಹೊದಿಸಿದ ಲೆಕ್ಕದ ಪುಸ್ತಕ ತಂದಿದ್ದೆ, ಅಂಗಡಿಗಳಲ್ಲಿ ಪೂಜೆ ಮಾಡಿ ಶುರು ಮಾಡುತ್ತಾರಲ್ಲ, ಆ ಉದ್ದನೆಯದು. ಪ್ರತಿ ಸಾಲಕ್ಕೂ ಅದರಲ್ಲಿ ಸಹಿ ಹಾಕಿಸುವ ಆಸೆ. ನೋಡಲು ಬಹಳ ಚೆನ್ನ, ಆದರೆ ಜಗಳದ ಮಧ್ಯೆ ಪೆನ್ನು ಹುಡುಕುವಷ್ಟರಲ್ಲಿ ಬಿಸಿ ಆರಿಹೋಗುತ್ತದೆ. ಅಡುಗೆಮನೆಯಿಂದ ಒಂದು ಸ್ಟೀಲ್ ಬಟ್ಟಲು ತಂದಿಟ್ಟೆ. ದಾಳ ಬಿದ್ದಾಗ ಟಣ್ ಅನ್ನುತ್ತದೆ, ಬಟ್ಟಲಿನ ಅಂಚು ಹಿಡಿದು ಒಂದು ಸುತ್ತು ಹೊಡೆದು ತಳದಲ್ಲಿ ನಿಲ್ಲುತ್ತದೆ. ಅದು ನಿಲ್ಲುವವರೆಗೆ ಯಾರೂ ಮಾತಾಡುವುದಿಲ್ಲ. ಕೆಳಗೆ ಬಟ್ಟೆ ಹಾಸೋಣ, ಸದ್ದು ಜಾಸ್ತಿ ಅಂತ ಯಾರೋ ಅಂದರು. ಬೇಡ ಅಂದೆ. ಶಾಪದ ಅರ್ಧ ಕೆಲಸ ಆ ಸದ್ದೇ ಮಾಡುತ್ತಿದೆ. ಸಾಲದ ದಾಳಗಳಿಗೆ ಮಾತ್ರ ಕಡು ಕೆಂಪು ಬಣ್ಣದವು ಇಟ್ಟಿದ್ದೇನೆ, ಬೇರೆಯವುಗಳ ಜೊತೆ ಬೆರೆಯಬಾರದು ಅಂತ.

ಇನ್ನು ಬಡ್ಡಿ. ದಿನಕ್ಕೆ ದುಪ್ಪಟ್ಟು ಅಂತ ಬರೆದು ತಕ್ಷಣ ಹೊಡೆದುಹಾಕಿದೆ. ಒಂದು ದಾಳ ಐದು ರಾತ್ರಿಯಲ್ಲಿ 32 ಆಗುತ್ತದೆ, ಮನೆಯಲ್ಲಿ ಅಷ್ಟು ದಾಳವೂ ಇಲ್ಲ. ಈಗಿರುವುದು ಇಷ್ಟು: ಬೆಳಗಾಗುವಾಗ ಬಟ್ಟಲಿನಲ್ಲಿ ಒಂದಾದರೂ ದಾಳ ಇದ್ದರೆ ಇನ್ನೊಂದು ಸೇರುತ್ತದೆ. ಪೂರ್ತಿ ತೀರಿಸಿ ಮಲಗಿದರೆ ಬಡ್ಡಿ ಇಲ್ಲ. ಈ ಚಿಕ್ಕ ನಿಯಮದಿಂದ ಆಟದ ನಡಿಗೆಯೇ ಬದಲಾಯಿತು. ಮೊದಲೆಲ್ಲ ಸ್ವಲ್ಪ ಪೆಟ್ಟಾದರೂ "ಇವತ್ತಿಗೆ ಸಾಕು, ಮಲಗೋಣ" ಅನ್ನುತ್ತಿದ್ದವರು ಈಗ ಬಟ್ಟಲು ನೋಡಿ ಮುಂದಿನ ಬಾಗಿಲು ತೆಗೆಯುತ್ತಾರೆ.

ಬಟ್ಟಲು ತುಂಬಿದರೆ? ಆರು ದಾಳಕ್ಕೆ ಮಿತಿ ಹಾಕಿದೆ. ತುಂಬಿದ ಮೇಲೆ ಪ್ರತಿ ಬೆಳಗ್ಗೆ ಒಂದು ಎಕ್ಸಾಶ್ಚನ್ (ದಣಿವು) ಲೆವೆಲ್ ಅಂತ ಮೊದಲು ಇಟ್ಟಿದ್ದೆ. 2014ರ ನಿಯಮದಲ್ಲಿ ಆರು ಲೆವೆಲ್ ಆದರೆ ಸಾವು, ಭಯ ಹುಟ್ಟಿಸಲು ಒಳ್ಳೆಯದು. ಆದರೆ ಊಟ ನೀರು ಸಿಕ್ಕು ಒಂದು ಲಾಂಗ್ ರೆಸ್ಟ್ ಮಾಡಿದರೆ ಒಂದು ಲೆವೆಲ್ ಇಳಿಯುತ್ತದೆ. ರಾತ್ರಿ ಒಂದು ಇಳಿದು ಬೆಳಗ್ಗೆ ಒಂದು ಏರಿದರೆ ಶಾಪ ನಿಂತಲ್ಲೇ ನಿಂತಿರುತ್ತದೆ. ಅದಕ್ಕೊಂದು ವಿನಾಯಿತಿ, ವಿನಾಯಿತಿಗೊಂದು ವಿವರಣೆ ಅಂತ ಬರೆಯುತ್ತಾ ಹೋದರೆ ಕಾರ್ಡಿನಲ್ಲಿ ಜಾಗ ಸಾಲದು. ಬದಲಿಗೆ ಜಪ್ತಿ ತಂದೆ. ಐದನೇ ಆವೃತ್ತಿಯಲ್ಲಿ ಒಬ್ಬ ಪಾತ್ರ ಒಟ್ಟಿಗೆ ಮೂರು ಮಾಯಾ ವಸ್ತುಗಳಿಗೆ ಮಾತ್ರ ಅಟ್ಯೂನ್ ಆಗಬಹುದು, ಅಂದರೆ ಮನಸ್ಸು ಬೆಸೆದು ಅವುಗಳ ಮಾಯೆ ಪಡೆಯಬಹುದು. ಬಟ್ಟಲು ತುಂಬಿರುವ ಪ್ರತಿ ಬೆಳಗ್ಗೆ ಕತ್ತಿ ಇನ್ನೊಂದು ಜಾಗ ನುಂಗುತ್ತದೆ, ಅಲ್ಲಿದ್ದ ವಸ್ತುವಿನ ಮಾಯೆ ಕೈಬಿಡುತ್ತದೆ. ಬಟ್ಟಲು ಆರಕ್ಕಿಂತ ಕೆಳಗಿಳಿದರೆ ದಿನಕ್ಕೊಂದು ಜಾಗ ವಾಪಸ್. ಹೊಸ ನಿಯಮ ಏನೂ ಕಲಿಯಬೇಕಿಲ್ಲ. ಫೈಟರ್ ತನ್ನ ಪ್ರೀತಿಯ ಕ್ಲೋಕನ್ನು ಎದೆಗೆ ಅವಚಿಕೊಂಡದ್ದನ್ನು ನೋಡಿದಾಗಲೇ ಇದು ಕೆಲಸ ಮಾಡುತ್ತದೆ ಅಂತ ಗೊತ್ತಾಯಿತು.

ತೀರಿಸುವ ದಾರಿಯೂ ಬೇಕಲ್ಲ. ಚಿನ್ನ ಕೊಟ್ಟು ತೀರಿಸುವುದು ಬೇಡ. ಈ ಆಟದಲ್ಲಿ ಚಿನ್ನ ಸುಲಭ, ಶಾಪವನ್ನು ಅಂಗಡಿಯ ಬಿಲ್ಲಿನಂತೆ ಕಟ್ಟಿಬಿಡುತ್ತಾರೆ. ಪಡೆದದ್ದು ಪೆಟ್ಟು, ಕೊಡುವುದೂ ಪೆಟ್ಟೇ ಆಗಲಿ ಅಂದುಕೊಂಡೆ. ಹೊಡೆತ ತಾಗಿದಾಗ "ಇದು ಸಾಲಕ್ಕೆ" ಅಂದರೆ ಡ್ಯಾಮೇಜ್ ಸೊನ್ನೆ, ಬಟ್ಟಲಿನಿಂದ ಒಂದು ದಾಳ ಹೊರಗೆ. ಪಡೆದದ್ದು ಸರಾಸರಿ 7, ಬಿಟ್ಟುಕೊಡುವುದು ಸರಾಸರಿ 12. ಆ ಐದೂ ಬಡ್ಡಿಯೇ. ಇದರಲ್ಲೊಂದು ತೂತಿತ್ತು, ಮಾಂತ್ರಿಕನನ್ನು ಆಡುವವನು ಒಂದು ನಿಮಿಷದಲ್ಲಿ ಕಂಡುಹಿಡಿದ: "ಚೀಲದಲ್ಲಿ ಇಲಿ ಹಿಡ್ಕೊಂಡ್ ಹೋಗೋಣ, ದಿನಾ ಸಂಜೆ ಆರು ಇಲಿಗೆ ಹೊಡೆದ್ರೆ ಆಯ್ತು." ಈ ಇಲಿ ಚೀಲ ಎಷ್ಟೋ ಡಿಎಂಗಳಿಗೆ ಗೊತ್ತಿರುವ ಹಳೆಯ ತಂತ್ರ. ಹಾಗಾಗಿ ಒಂದು ಸಾಲು ಸೇರಿತು: ಆ ಜಗಳದಲ್ಲಿ ನಿಮಗೆ ಪೆಟ್ಟು ಕೊಟ್ಟವರ ಮೇಲೆ ಹೊಡೆದರೆ ಮಾತ್ರ ಜಮಾ. "ಇಲಿ ಕಚ್ಚಿದ್ರೆ?" ಅಂದ. ಅವನ ಕಡೆ ಸುಮ್ಮನೆ ನೋಡಿದೆ.

ಈ ನಡುವೆ ಒಂದು ಕರಡಿನಲ್ಲಿ ವಸೂಲಿಯನ್ನು ಜೊತೆಯವರ ಮೇಲೂ ಹಾಕಿದ್ದೆ. ಮೂವತ್ತು ಅಡಿಯೊಳಗಿನ ಯಾವ ಗೆಳೆಯನ ಸೇವಿಗೂ ಬಟ್ಟಲಿನ ದಾಳ ಎತ್ತಬಹುದು ಅಂತ. ಶಾಪ ಇಡೀ ಗುಂಪಿನದಾದರೆ ಕಥೆ ಬೆಳೆಯುತ್ತದೆ ಅನ್ನುವ ಲೆಕ್ಕ. ಕ್ಲೆರಿಕ್ ಆಡುವ ಗೆಳತಿ ಕೆಂಡವಾದಳು. "ಸಾಲ ಮಾಡೋನು ಇವ್ನು, ಜಾಮೀನು ನಾನಾ? ನನ್ನ ಕೇಳಿದ್ರಾ?" ಅಂದಳು. ಮಾತು ನೂರಕ್ಕೆ ನೂರು ಸರಿ. ಹೂಂ ಅನ್ನುವವನೊಬ್ಬ, ಕಟ್ಟುವವಳು ಇನ್ನೊಬ್ಬಳು ಅಂದರೆ ಪರಶುರಾಮರ ಶಾಪದ ಹಣೆಬರಹವೇ ಆಯಿತು. ಆದರೆ ಅವಳ ಬೈಗುಳದಲ್ಲೇ ಈ ಕತ್ತಿಯ ಅತ್ಯುತ್ತಮ ನಿಯಮ ಇತ್ತು: ಜಾಮೀನು. ಶಾರ್ಟ್ ರೆಸ್ಟಿನಲ್ಲಿ ಜೊತೆಯವರು ಯಾರಾದರೂ, ತಾವಾಗಿ, ಕತ್ತಿಯ ಹಿಡಿ ಮುಟ್ಟಿ ಒಂದು ದಾಳವನ್ನು ತಮ್ಮ ಹೆಸರಿಗೆ ಬರೆಸಿಕೊಳ್ಳಬಹುದು. ಆ ದಾಳ ಬಟ್ಟಲು ಬಿಟ್ಟು ಅವರ ಮುಂದೆ ಕೂರುತ್ತದೆ. ವಸೂಲಿ ಅವರ ಸೇವಿನಿಂದಲೇ. ಅದಕ್ಕೆ ಬಡ್ಡಿ ಇಲ್ಲ.

ಜಪ್ತಿಗೆ ಒಂದೇ ರಾತ್ರಿ ಬಾಕಿ ಇದ್ದಾಗ, ಬೈದಿದ್ದ ಅವಳೇ ಕೈ ಚಾಚಿ ಒಂದು ಕೆಂಪು ದಾಳ ತೆಗೆದುಕೊಂಡಳು. "ಬರೀ ಒಂದು. ಮತ್ತೆ ಕೇಳ್ಬೇಡ." ಆಮೇಲೆ ಫೈಟರ್ ಎರಡು ಜಗಳ ಸಾಲವಿಲ್ಲದೆ ಆಡಿದ. ನಿಯಮದಲ್ಲಿ ಹಾಗೇನೂ ಬರೆದಿರಲಿಲ್ಲ.

ಶಾಪ ಬಿಡಿಸುವ ರಿಮೂವ್ ಕರ್ಸ್ ಅನ್ನುವ ಮಂತ್ರದ ತಲೆನೋವು ಎಲ್ಲ ಶಾಪದ ಆಯುಧಗಳಿಗೂ ಇದೆ. ಅದು ಮೂರನೇ ಲೆವೆಲ್ಲಿನ ಮಂತ್ರ, 5ನೇ ಲೆವೆಲ್ಲಿನ ಕ್ಲೆರಿಕ್ಕಿಗೆ ಕೈಗೆಟಕುತ್ತದೆ. ವಸ್ತುವಿನ ಶಾಪ ಉಳಿಯುತ್ತದೆ, ಹಿಡಿದವರ ಅಟ್ಯೂನ್‌ಮೆಂಟ್ ಮುರಿಯುತ್ತದೆ. ಕೆಲವು ಡಿಎಂಗಳು "ಈ ಶಾಪಕ್ಕೆ ಆ ಮಂತ್ರ ನಡೆಯಲ್ಲ" ಅಂದುಬಿಡುತ್ತಾರೆ. ಆ ಮಂತ್ರ ಆಯ್ದುಕೊಂಡವಳಿಗೆ ಮಾಡುವ ಅನ್ಯಾಯ ಅದು. ನಮ್ಮಲ್ಲಿ ಮಂತ್ರ ನಡೆಯುತ್ತದೆ. ಕತ್ತಿ ಬಿಟ್ಟುಹೋಗುತ್ತದೆ, ಬಡ್ಡಿ ನಿಲ್ಲುತ್ತದೆ, ಜಪ್ತಿಯಾದ ಜಾಗಗಳು ಬಿಡುಗಡೆ. ಅಸಲು ಮಾತ್ರ ಹೆಸರಿನಲ್ಲೇ ಉಳಿಯುತ್ತದೆ, ವಸೂಲಿಯಾಗುವವರೆಗೆ.

ಕಾರ್ಡನ್ನು ದಪ್ಪ ಕಾಗದದಲ್ಲಿ ಎರಡೂ ಬದಿ ಅಚ್ಚು ಹಾಕಿಸಿದೆ. ಮುಂದೆ ಲಾಭ, ಹಿಂದೆ ಶಾಪ. ಎರಡನ್ನೂ ಮೊದಲ ದಿನವೇ ಕೈಗೆ ಕೊಟ್ಟೆ. ಮುಚ್ಚಿಟ್ಟದ್ದು ಒಂದೇ, ಸಾಲ ಕೊಡುತ್ತಿರುವುದು ಯಾರು ಅನ್ನುವುದು. ನಿಯಮ ಗೊತ್ತಿರಲಿ, ಕಥೆ ಗೊತ್ತಾಗದಿರಲಿ. ಹಿಂಬದಿಯ ಬರಹ ಇದು:

"ಈ ಕತ್ತಿ ಸಾಲ ಕೊಡುತ್ತದೆ. ನಿನ್ನ ಸರದಿಯಲ್ಲಿ ಒಮ್ಮೆ, ಹೊಡೆತ ತಾಗಿದಾಗ, 2ಡಿ6 ಹೆಚ್ಚು ಡ್ಯಾಮೇಜ್ ಪಡೆ, ಒಂದು ಡಿ6 ಬಟ್ಟಲಿಗೆ ಹಾಕು. ನೀನು ಸೇವ್ ಹಾಕುವ ಮುಂಚೆ ಡಿಎಂ ಒಂದು ದಾಳ ಎತ್ತಿ ಕಳೆಯಬಹುದು. ಬೆಳಗಾದಾಗ ಬಾಕಿ ಇದ್ದರೆ ಒಂದು ದಾಳ ಬಡ್ಡಿ. ಆರು ತುಂಬಿದರೆ ಸಾಲ ಇಲ್ಲ, ಬಡ್ಡಿ ಇಲ್ಲ, ಜಪ್ತಿ. ನಿನಗೆ ಪೆಟ್ಟು ಕೊಟ್ಟವನ ಮೇಲೆ ತಾಗಿದ ಹೊಡೆತವನ್ನು ಸಾಲಕ್ಕೆ ಜಮಾ ಮಾಡಬಹುದು. ಜಾಮೀನು ಕೇಳಬಹುದು, ಬಲವಂತ ಇಲ್ಲ."

ಇದೇ ದಾರಿಯಲ್ಲಿ ಇನ್ನೆರಡು ಚಿಕ್ಕ ಆಯುಧ ಮಾಡಿಟ್ಟಿದ್ದೇನೆ. ಒಂದು ಬಿಲ್ಲು: ಯಾರಿಗೆ ಗುರಿ ಇಟ್ಟಿದ್ದೀಯೋ ಅವರನ್ನು ಜೋರಾಗಿ ಕರೆದು ಬಿಟ್ಟರೆ ಮಾತ್ರ ಅದರ ಮಾಯೆ ಹತ್ತುತ್ತದೆ, ಅಡಗಿ ಕೂತ ಕಳ್ಳನ ಪಾತ್ರವಾದ ರೋಗ್‌ಗೆ ಇದಕ್ಕಿಂತ ಕಷ್ಟ ಇಲ್ಲ. ಇನ್ನೊಂದು ನಾರ್ಸ್ (ಹಳೆಯ ಸ್ಕ್ಯಾಂಡಿನೇವಿಯಾದ) ಕಥೆಗಳ ಟಿರ್ಫಿಂಗ್ ಕತ್ತಿ ನೋಡಿ ಮಾಡಿದ ಚೂರಿ. ಆ ಕತ್ತಿಯನ್ನು ಒರೆಯಿಂದ ಎಳೆದರೆ ಒಂದು ಜೀವ ಹೋಗಲೇಬೇಕು. ನನ್ನ ಚೂರಿ ಅಷ್ಟು ಕ್ರೂರಿಯಲ್ಲ, ರಕ್ತ ಸಿಗುವವರೆಗೆ ಒರೆಗೆ ಮರಳುವುದಿಲ್ಲ ಅಷ್ಟೇ. ಅದನ್ನು ಹಿಡಿದುಕೊಂಡು ರಾಜನ ಸಭೆಗೆ ಹೇಗೆ ಹೋಗುತ್ತಾರೋ ನೋಡಬೇಕು.

ಬಡ್ಡಿಕತ್ತಿಗೆ ಬಾಕಿ ಇರುವ ಕೆಲಸ ಮುಂದಿನ ಲೆವೆಲ್‌ಗಳದು. 11ನೇ ಲೆವೆಲ್ಲಿನಲ್ಲಿ ಫೈಟರಿಗೆ ಮೂರು ಹೊಡೆತ. ಸ್ಟ್ರೆಂಗ್ತ್ 20, ಎದುರಿನ ಎಸಿ 17 ಅಂತ ಹಿಡಿದರೆ ಸಾಲವಿಲ್ಲದೆಯೇ ಸುತ್ತಿಗೆ 28ರ ಮೇಲೆ ಬರುತ್ತದೆ. ಆಗ 2ಡಿ6 ಸಾಲ ಸಿಕ್ಕರೆ ನೂರಕ್ಕೆ 24ರಷ್ಟು ಮಾತ್ರ ಹೆಚ್ಚಳ. ಈಗ ಅದು 36. ಆಸೆ ಅಷ್ಟು ಇಳಿದರೆ ಯಾರೂ ಬಟ್ಟಲು ಮುಟ್ಟುವುದಿಲ್ಲ. 3ಡಿ6 ಮಾಡಿದರೆ ಮತ್ತೆ 36ಕ್ಕೆ ಬಂದು ನಿಲ್ಲುತ್ತದೆ, ಹಾಗಾಗಿ ಬಟ್ಟಲಿಗೆ ಬೀಳುವ ದಾಳವನ್ನು ಡಿ8 ಮಾಡಬೇಕು. ಅಂಗಡಿಯಲ್ಲಿ ಅದೇ ಕೆಂಪಿನ ಡಿ8 ಇನ್ನೂ ಸಿಕ್ಕಿಲ್ಲ.